ವಾರ್ಡಿನಲ್ಲಿ ಮನೆ ಸಾಲುತ್ತಿಲ್ಲ: ಇಕ್ಕಟ್ಟನ್ನು ಅಳೆಯುವುದು ಹೇಗೆ, ಮೊದಲು ಕೈಹಾಕಬೇಕಾದ್ದು ಎಲ್ಲಿಗೆ?

ಟಿಪ್ಪಣಿಕಾರ (ಪ್ರಶ್ನೆ)

ನಗರದ ಒಂದು ಹಳೇ ವಾರ್ಡಿನ ವಸತಿ ಪರಿಸ್ಥಿತಿ ಕುರಿತು ನಾಲ್ಕೈದು ಪುಟದ ಟಿಪ್ಪಣಿ ಸಿದ್ಧವಾಗಬೇಕಿದೆ. ವಿಸ್ತೀರ್ಣ ಒಂದು ಚದರ ಕಿಲೋಮೀಟರ್. ದಾಖಲೆಯಲ್ಲಿ 40,000 ಜನ, 10,000 ಮನೆ. ನಿಜಕ್ಕೂ ಇರುವವರು ಅದಕ್ಕಿಂತ ಹೆಚ್ಚು ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ, ಎಷ್ಟು ಹೆಚ್ಚು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. ಹೊರ ಊರು, ಹೊರದೇಶಗಳಿಂದ ಕೆಲಸಕ್ಕೆ ಬಂದವರು ಒಂದೇ ಕೋಣೆಯಲ್ಲಿ ಆರೇಳು ಜನ ಇದ್ದಾರೆ. ಮಾಲೀಕರು ಹಳೇ ಮನೆಗಳಿಗೆ ಪ್ಲೈವುಡ್ ಅಡ್ಡಗೋಡೆ ಹಾಕಿ, ಒಂದನ್ನು ಮೂರು ಮಾಡಿ ಬಾಡಿಗೆಗೆ ಬಿಡುತ್ತಿದ್ದಾರೆ. ಸಭೆ ಕರೆದರೆ ಅರ್ಧ ಜನ ‘ವಲಸೆ ನಿಲ್ಲಿಸಿ’ ಅನ್ನುತ್ತಾರೆ, ಉಳಿದರ್ಧ ‘ಹೊಸ ಮನೆ ಕಟ್ಟಿ’ ಅನ್ನುತ್ತಾರೆ.

ನನಗೆ ಬೇಕಾದ್ದು ಮೂರು ವಿಷಯ. ಇಕ್ಕಟ್ಟನ್ನು ಒಪ್ಪುವಂಥ ರೀತಿಯಲ್ಲಿ ಅಳೆಯುವುದು ಹೇಗೆ? ಇದರಲ್ಲಿ ವಲಸೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಆಗುತ್ತದೆಯೇ? ತುಂಬಿ ತುಳುಕುವ ಮನೆಗಳ ಮೇಲೆ ತಪಾಸಣೆ ಶುರುಮಾಡಿದರೆ ಮೊದಲು ಏನು ನೋಡಬೇಕು?

ಅಂಕಿಲೆಕ್ಕ

ಮೊದಲನೆಯದಕ್ಕಷ್ಟೇ ಉತ್ತರಿಸುತ್ತೇನೆ, ಅದೇ ಉದ್ದವಾಗುತ್ತದೆ.

ಹೆಕ್ಟೇರಿಗೆ ಎಷ್ಟು ಜನ ಎಂಬುದು ಸಾಂದ್ರತೆ. ಕೋಣೆಗೆ ಎಷ್ಟು ಜನ ಎಂಬುದು ಇಕ್ಕಟ್ಟು. ಟಿಪ್ಪಣಿಯ ಮೊದಲ ಪುಟದಲ್ಲೇ ಇವೆರಡನ್ನೂ ಬೇರೆ ಮಾಡದಿದ್ದರೆ ಮುಂದಿನ ಚರ್ಚೆಯೆಲ್ಲ ಹಾದಿ ತಪ್ಪುತ್ತದೆ. ನಿಮ್ಮ ವಾರ್ಡಿನದು ದಾಖಲೆ ಪ್ರಕಾರ ಹೆಕ್ಟೇರಿಗೆ 400. ಪ್ಯಾರಿಸ್ಸಿನ 11ನೇ ವಿಭಾಗದ ಸಾಂದ್ರತೆಯೂ ಹತ್ತಿರಹತ್ತಿರ ಇಷ್ಟೇ, ಅಲ್ಲಿ ಕಟ್ಟಡಗಳು ಹೆಚ್ಚಾಗಿ ಆರೇಳು ಮಹಡಿಯವು. ಅಂದರೆ 400 ಎಂಬ ಅಂಕಿಯೇ ರೋಗವಲ್ಲ. ಆ ಜನಕ್ಕೆ ಎಷ್ಟು ಕೋಣೆ, ಎಷ್ಟು ಚದರ ಮೀಟರ್ ನೆಲ ಸಿಕ್ಕಿದೆ ಎಂಬುದನ್ನು ನೋಡಬೇಕು.

ಅಳತೆಗೋಲು ಹಲವು ಇವೆ. ವಿಶ್ವಸಂಸ್ಥೆಯ ವಸತಿ ಕಾರ್ಯಕ್ರಮ ಒಂದು ಕೋಣೆಗೆ ಮೂವರಿಗಿಂತ ಹೆಚ್ಚು ಇದ್ದರೆ ಸ್ಥಳ ಸಾಲದು ಎನ್ನುತ್ತದೆ. ತೀರಾ ಸಡಿಲ ಅಳತೆ ಅದು. ಯುರೋಪಿನ ಅಂಕಿಅಂಶ ಸಂಸ್ಥೆಯದು ಬಿಗಿ: ಇಡೀ ಮನೆಯವರಿಗೆ ಒಟ್ಟಾಗಿ ಒಂದು ಕೋಣೆ, ಪ್ರತಿ ದಂಪತಿಗೆ ಒಂದು, 18 ದಾಟಿದ ಪ್ರತಿ ಒಂಟಿಗರಿಗೆ ಒಂದು, 12ರಿಂದ 17ರ ಒಂದೇ ಲಿಂಗದ ಇಬ್ಬರಿಗೆ ಒಂದು, 12ರೊಳಗಿನ ಇಬ್ಬರು ಮಕ್ಕಳಿಗೆ ಒಂದು. ಜಪಾನಿನದು ನೆಲದ ಲೆಕ್ಕ: ಒಬ್ಬರಿಗೆ ಕನಿಷ್ಠ 25 ಚದರ ಮೀಟರ್, ಇಬ್ಬರು ಅಥವಾ ಹೆಚ್ಚಿದ್ದರೆ ತಲೆಗೆ 10ರಂತೆ ಹಾಕಿ ಮೇಲೆ 10 ಸೇರಿಸಬೇಕು. ಇಂಗ್ಲೆಂಡಿನಲ್ಲಿ ಹಲವು ಸಂಸಾರದವರು ಹಂಚಿಕೊಂಡಿರುವ, ಪರವಾನಗಿ ಬೇಕಾದ ಮನೆಗಳಿಗೆ 2018ರಿಂದ ಮಲಗುವ ಕೋಣೆಯ ಕನಿಷ್ಠ ಅಳತೆ ಬಂದಿದೆ: ಒಬ್ಬ ವಯಸ್ಕರಿಗೆ 6.51 ಚದರ ಮೀಟರ್, ಇಬ್ಬರಿಗೆ 10.22. ಯಾವುದನ್ನಾದರೂ ಆರಿಸಿ, ಆದರೆ ಒಂದೇ ಟಿಪ್ಪಣಿಯಲ್ಲಿ ಎರಡನ್ನು ಬೆರೆಸಬೇಡಿ. ಸಡಿಲ ಅಳತೆ ಹಿಡಿದರೆ ಸಮಸ್ಯೆ ಮಾಯವಾಗುತ್ತದೆ, ಬಿಗಿಯದು ಹಿಡಿದರೆ ಅರ್ಧ ವಾರ್ಡೇ ಇಕ್ಕಟ್ಟು ಅನ್ನಿಸಿಕೊಳ್ಳುತ್ತದೆ. ಬೇಕಾದ ಫಲಿತಾಂಶಕ್ಕೆ ತಕ್ಕ ಅಳತೆ ಆರಿಸಿಕೊಳ್ಳುವ ಚಾಳಿ ಎರಡೂ ಬಣದಲ್ಲಿದೆ.

ಸರಾಸರಿಯನ್ನು ನಂಬಬೇಡಿ. 9,000 ಮನೆಗಳಲ್ಲಿ ತಲಾ 3.5 ಜನ, 1,000 ಮನೆಗಳಲ್ಲಿ ತಲಾ 12 ಜನ ಇದ್ದಾರೆ ಎಂದುಕೊಳ್ಳಿ. ಒಟ್ಟು 43,500, ಮನೆಗೆ ಸರಾಸರಿ 4.35. ಆ ಸರಾಸರಿ ಓದಿದವರಿಗೆ ಏನೂ ಆಗಿಲ್ಲ ಅನ್ನಿಸುತ್ತದೆ, ತೊಂದರೆಯೆಲ್ಲ ಇರುವುದು ಆ ಸಾವಿರ ಮನೆಗಳಲ್ಲಿ. ಹಾಗಾಗಿ ಹಂಚಿಕೆಯನ್ನು ತೋರಿಸಿ: ಕೋಣೆಗೆ ಎರಡರೊಳಗೆ ಎಷ್ಟು ಮನೆ, ಎರಡರಿಂದ ಮೂರು ಎಷ್ಟು, ಮೂರು ದಾಟಿದ್ದು ಎಷ್ಟು.

ಎಣಿಕೆಗೆ ಮತದಾರರ ಪಟ್ಟಿ ಹಿಡಿಯಬೇಡಿ, ಒಳಬಾಡಿಗೆಯವರು ಅದರಲ್ಲಿ ಇರುವುದಿಲ್ಲ. ಬೀದಿಬೀದಿ ನಡೆದು ಬಾಗಿಲು, ವಿದ್ಯುತ್ ಮೀಟರ್, ಕರೆಗಂಟೆಯ ಗುಂಡಿ ಎಣಿಸಿ ಪಟ್ಟಿ ಮಾಡಿ. ಆ ಪಟ್ಟಿಯಿಂದ 300 ಬಾಗಿಲುಗಳನ್ನು ಚೀಟಿ ಎತ್ತಿದಂತೆ ಆರಿಸಿ. ಒಂದೇ ಕಟ್ಟಡದಿಂದ ಮೂರಕ್ಕಿಂತ ಹೆಚ್ಚು ಬೇಡ, ಏಕೆಂದರೆ ಒಂದು ಕಟ್ಟಡದ ಮನೆಗಳೆಲ್ಲ ಒಂದೇ ಥರ ಇರುತ್ತವೆ. ಎತ್ತಿದಾಗ ಹೆಚ್ಚು ಬಂದಿದ್ದರೆ ಮೂರನ್ನಷ್ಟೇ ಇಟ್ಟುಕೊಂಡು, ಬಿಟ್ಟ ಬಾಗಿಲುಗಳ ತೂಕವನ್ನು (ಒಂದೊಂದು ಬಾಗಿಲು ಲೆಕ್ಕದಲ್ಲಿ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಎಂಬುದನ್ನು) ಆ ಮೂರಕ್ಕೆ ಹಂಚಿ. 300ರಲ್ಲಿ ಶೇ. 10 ಮನೆ ಇಕ್ಕಟ್ಟು ಎಂದು ಬಂದರೆ ನಿಜವಾದ ಅಂಕಿ ಸುಮಾರು ಶೇ. 6.5ರಿಂದ 13.5ರ ನಡುವೆ ಎಂದು ಬರೆಯಿರಿ. ಬರಿಯ 10 ಎಂದು ಬರೆಯಬೇಡಿ.

ಕೇಳುವ ಪ್ರಶ್ನೆ ‘ಇಲ್ಲಿ ಎಷ್ಟು ಜನ ವಾಸ?’ ಆಗಬಾರದು. ‘ನಿನ್ನೆ ರಾತ್ರಿ ಇಲ್ಲಿ ಎಷ್ಟು ಜನ ಮಲಗಿದ್ದರು, ಹಗಲು ಮಲಗುವವರು ಇನ್ನೆಷ್ಟು?’ ಎಂದು ಕೇಳಿ. ಪಾಳಿ ಕೆಲಸದವರು ಒಂದೇ ಹಾಸಿಗೆಯನ್ನು ಹಗಲು ಒಬ್ಬರು ರಾತ್ರಿ ಒಬ್ಬರು ಬಳಸುತ್ತಾರೆ, ಹಾಸಿಗೆ ಎಣಿಸಿದರೆ ಅರ್ಧ ಜನ ಕಾಣುವುದೇ ಇಲ್ಲ. ಹೆಸರು, ಊರು, ಕಾಗದಪತ್ರ ಕೇಳಲೇಬೇಡಿ. ಕೇಳಿದ ಕ್ಷಣದಿಂದ ಆ ಬೀದಿಯ ಬಾಗಿಲುಗಳೆಲ್ಲ ಮುಚ್ಚುತ್ತವೆ, ಉಳಿದ ಸಮೀಕ್ಷೆ ಕಸ.

ಬಂದ ಅಂಕಿಯನ್ನು ನೀರಿನ ಲೆಕ್ಕದೊಂದಿಗೆ ತಾಳೆ ನೋಡಿ. ಉದಾಹರಣೆಗೆ ವಾರ್ಡಿಗೆ ದಿನಕ್ಕೆ 6,000 ಘನ ಮೀಟರ್ ನೀರು ಬರುತ್ತಿದೆ. ನಡುರಾತ್ರಿ 2ರಿಂದ 4ರ ನಡುವಿನ ಹರಿವು ಗಂಟೆಗೆ 60 ಘನ ಮೀಟರ್, ಅದು ಹೆಚ್ಚುಪಾಲು ಸೋರಿಕೆ. 24 ಗಂಟೆಗೆ 1,440. ಅಂಗಡಿ ಹೋಟೆಲುಗಳಿಗೆ 560 ಬಿಟ್ಟರೆ ಉಳಿದದ್ದು 4,000. ತಲೆಗೆ 85 ಲೀಟರ್ ಹಿಡಿದರೆ ಸುಮಾರು 47,000 ಜನ. ಎಚ್ಚರಿಕೆ: ದಿನ ಬಿಟ್ಟು ದಿನ ನೀರು ಬರುವ ಕಡೆ ರಾತ್ರಿಯ ಹರಿವು ತೊಟ್ಟಿ ತುಂಬುವುದಕ್ಕೂ ಹೋಗುತ್ತದೆ, ಅಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಕೊಳವೆಬಾವಿ ಇರುವ ಕಟ್ಟಡಗಳನ್ನೂ ಬೇರೆ ಮಾಡಬೇಕು.

ಬಾಡಿಗೆಚೀಟಿ

ಎರಡನೇ ಪ್ರಶ್ನೆಗೆ. ವಲಸೆಗೆ ಪಾಲಿದೆ, ಅದನ್ನು ಅಲ್ಲಗಳೆಯುವುದು ಬೇಡ. ಅಮೆರಿಕದ ನಗರಗಳ ಮೇಲೆ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಸೈಜ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಗರದ ಜನಸಂಖ್ಯೆಯ ಶೇ. 1ರಷ್ಟು ವಲಸಿಗರು ಬಂದರೆ ಬಾಡಿಗೆ ಸುಮಾರು ಶೇ. 1 ಏರುತ್ತದೆ ಎಂದು ಕಂಡಿತು. ಅದು ಇಡೀ ನಗರದ ಲೆಕ್ಕ ಎಂಬುದನ್ನು ಮರೆಯಬೇಡಿ, ಒಂದು ವಾರ್ಡಿಗೆ ಹಾಗೇ ಇಳಿಸಲು ಬರುವುದಿಲ್ಲ. ಜನ ವಾರ್ಡಿನಿಂದ ವಾರ್ಡಿಗೆ ಸರಿಯುತ್ತಲೇ ಇರುತ್ತಾರೆ.

ಆದರೆ ಇನ್ನೆರಡು ಕಾರಣಗಳನ್ನು ಪಕ್ಕದಲ್ಲಿಟ್ಟು ನೋಡಿ. ನಿಮ್ಮದೇ ಅಂಕಿ ಹಿಡಿಯೋಣ. ವರ್ಷಕ್ಕೆ ಶೇ. 2, ಅಂದರೆ 800 ಜನ ಹೊಸಬರು ಬಂದರೆ ಮನೆಗೆ ನಾಲ್ವರಂತೆ 200 ಮನೆ ಬೇಕು. ಹೊರಗಿನವರು ಒಬ್ಬರೂ ಬರಲಿಲ್ಲ, ಆದರೆ ಮಕ್ಕಳು ಬೇರೆ ಸಂಸಾರ ಹೂಡಿ ಮನೆಯ ಸರಾಸರಿ ಗಾತ್ರ 4ರಿಂದ 3.8ಕ್ಕೆ ಇಳಿಯಿತು ಎಂದುಕೊಳ್ಳಿ. 40,000ವನ್ನು 3.8ರಿಂದ ಭಾಗಿಸಿದರೆ 10,526. ಬೇಕಾದ ಹೊಸ ಮನೆ 526, ಅಂದರೆ ಎರಡೂವರೆ ವರ್ಷದ ವಲಸೆಗೆ ಸಮ. ಇನ್ನೊಂದು ಕಾರಣ ಸವಕಳಿ: ಮನೆಗಳು ಗೋದಾಮು, ಕಚೇರಿ, ಪ್ರವಾಸಿಗರ ತಂಗುಮನೆ ಆಗುವುದು. ವರ್ಷಕ್ಕೆ ಶೇ. 1 ಹೋದರೂ 100 ಮನೆ. ಟಿಪ್ಪಣಿಯಲ್ಲಿ ಈ ಮೂರನ್ನೂ ಒಂದೇ ಕೋಷ್ಟಕದಲ್ಲಿ ಹಾಕಿ, ಸಭೆಯ ಅರ್ಧ ಕೂಗು ಅಲ್ಲೇ ಇಳಿಯುತ್ತದೆ.

ಮತ್ತೊಂದು: ವಲಸಿಗರೇ ಯಾಕೆ ಇಕ್ಕಟ್ಟಿನಲ್ಲಿರುತ್ತಾರೆ? ಮುಂಗಡ ಕಟ್ಟಲು ದುಡ್ಡಿಲ್ಲ, ಜಾಮೀನು ಹಾಕುವವರಿಲ್ಲ, ಕೆಲಸದ ಜಾಗಕ್ಕೆ ನಡೆದು ಹೋಗಬೇಕು, ಮೊದಲೇ ಬಂದ ಊರಿನವರು ಇರುವ ಬೀದಿಯಲ್ಲೇ ಜಾಗ ಸಿಗುವುದು. ಇದರ ಲಾಭ ಮಾಲೀಕನಿಗೆ. 60 ಚದರ ಮೀಟರಿನ ಮನೆಯನ್ನು ಒಂದು ಸಂಸಾರಕ್ಕೆ ಕೊಟ್ಟರೆ ನೂರು ಬರುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಜನರಿಗೆ ಹಾಸಿಗೆ ಲೆಕ್ಕದಲ್ಲಿ ತಲಾ ಹದಿನೆಂಟಕ್ಕೆ ಕೊಟ್ಟರೆ ನೂರ ಎಂಬತ್ತು. ಹೀಗಾಗಿ ತಲೆಗೆ ಕಡಿಮೆ ಕೊಡುವ ಬಡವರು ಚದರ ಮೀಟರಿಗೆ ಎಲ್ಲರಿಗಿಂತ ಹೆಚ್ಚು ಕೊಡುತ್ತಾರೆ, ಹಳೇ ಸಂಸಾರಗಳು ಆ ಪೈಪೋಟಿಯಲ್ಲಿ ಸೋತು ಹೊರನಡೆಯುತ್ತವೆ. ಹಳಬರಿಗೆ ಕಾಣುವುದು ಹೊಸ ಮುಖಗಳು, ಕಾಣದಿರುವುದು ಬಾಡಿಗೆ ಪುಸ್ತಕ.

ನೇರಮಾತು

ಮೇಲಿನವರ ಕೋಷ್ಟಕ ಸರಿ, ಆದರೆ ವೇಗದ ವಿಷಯ ಬಿಟ್ಟಿದ್ದಾರೆ. ಸಂಸಾರ ಸಣ್ಣದಾಗುವುದು ಹತ್ತು ವರ್ಷದ ಮಾತು. ಒಂದು ವಸತಿ ಕಟ್ಟಡ ನೆಲ ಹಿಡಿದು ಕೀಲಿ ಕೊಡುವವರೆಗೆ ಮೂರರಿಂದ ಐದು ವರ್ಷ. ಹೊಸಬರು ಬರುವುದು ತಿಂಗಳಲ್ಲಿ. ಆ ಅಂತರದಲ್ಲಿ ಶಾಲೆ, ಆಸ್ಪತ್ರೆ, ಮೋರಿ ಎಲ್ಲ ಕುಸಿಯುತ್ತವೆ. ಬರುವ ವೇಗಕ್ಕೆ ಕಡಿವಾಣ ಹಾಕದೆ ಕಟ್ಟುತ್ತಾ ಹೋಗಿ ಅನ್ನುವುದು ಉತ್ತರವಲ್ಲ. ಜರ್ಮನಿ 2016ರ ಕಾನೂನಿನಲ್ಲಿ, ಆಶ್ರಯ ಮಂಜೂರಾದವರು ಮೂರು ವರ್ಷ ಗೊತ್ತುಮಾಡಿದ ರಾಜ್ಯದಲ್ಲೇ ಇರಬೇಕು ಎಂದಿತು. 2017ರಲ್ಲಿ ಸಾಲ್ಜ್‌ಗಿಟ್ಟರ್, ಡೆಲ್ಮೆನ್‌ಹೋರ್ಸ್ಟ್, ವಿಲ್ಹೆಲ್ಮ್ಸ್‌ಹಾಫೆನ್ ನಗರಗಳಿಗೆ ಅಂಥವರು ಹೊಸದಾಗಿ ಬಂದು ನೆಲೆಸುವುದನ್ನು ತಡೆದರು. ಹೀಗೆ ಮಾಡಲು ಬರುತ್ತದೆ.

ಹಳೆನಕ್ಷೆ

ವೇಗದ ಮಾತು ನ್ಯಾಯವಾದದ್ದೇ. ಆದರೆ ಜರ್ಮನಿಯ ಆ ನಿಯಮ ಆಶ್ರಯ ಪಡೆದವರಿಗೆ ಮಾತ್ರ. ಕೆಲಸದ ಪರವಾನಗಿಯಲ್ಲಿ ಬಂದವರಿಗೆ, ದೇಶದೊಳಗೇ ಊರು ಬದಲಿಸಿದವರಿಗೆ ಅದು ತಾಗುವುದಿಲ್ಲ. ಗಡಿಯ ಕೀಲಿ ರಾಷ್ಟ್ರ ಸರ್ಕಾರದ ಕೈಯಲ್ಲಿ, ವಾರ್ಡಿನ ಕೈಯಲ್ಲಿಲ್ಲ. ವಾರ್ಡಿನ ಟಿಪ್ಪಣಿ ವಾರ್ಡಿನ ಕೈಲಾಗುವುದನ್ನು ಹೇಳಬೇಕು.

ಎರಡೂ ಬಣದವರಿಗೆ ಉಪಯೋಗವಾಗುವ ಉದಾಹರಣೆ ನ್ಯೂಯಾರ್ಕ್ ನಗರದ ನಡುಭಾಗ ಮ್ಯಾನ್‌ಹ್ಯಾಟನ್. 1910ರಲ್ಲಿ ಅಲ್ಲಿ 23.3 ಲಕ್ಷ ಜನ, 2020ರಲ್ಲಿ 16.9 ಲಕ್ಷ. ಗಗನಚುಂಬಿಗಳೆಲ್ಲ ಬಂದ ಮೇಲೆ ಜನ ಕಡಿಮೆ! 1910ರವರು ಅಲ್ಲಿನ ಲೋಯರ್ ಈಸ್ಟ್ ಸೈಡ್ ಬಡಾವಣೆಯ ಐದಾರು ಮಹಡಿಯ ಕತ್ತಲೆ ಕಟ್ಟಡಗಳಲ್ಲಿ ತುಂಬಿಕೊಂಡಿದ್ದರು. ಅವರನ್ನು ಹೊರತಂದದ್ದು ಯಾವುದು? 1904ರಲ್ಲಿ ಸುರಂಗ ರೈಲು ಶುರುವಾಯಿತು, 1913ರ ಒಪ್ಪಂದಗಳಿಂದ ಅದು ಬ್ರಾಂಕ್ಸ್, ಬ್ರೂಕ್ಲಿನ್, ಕ್ವೀನ್ಸ್‌ನ ಖಾಲಿ ನೆಲಕ್ಕೆ ಹಬ್ಬಿತು. 1921ರಲ್ಲಿ ಹೊಸ ಮನೆಗಳಿಗೆ ನಗರ ಆಸ್ತಿ ತೆರಿಗೆ ವಿನಾಯಿತಿ ಕೊಟ್ಟಿತು. ಅದೇ 1921 ಮತ್ತು 1924ರಲ್ಲಿ ವಲಸೆ ಮಿತಿ ಕಾನೂನುಗಳೂ ಬಂದವು. ವಲಸೆ ನಿಂತಿದ್ದರಿಂದಲೇ ಎಂದು ಒಬ್ಬರು, ರೈಲಿನಿಂದಲೇ ಎಂದು ಇನ್ನೊಬ್ಬರು ವಾದಿಸಬಹುದು. ಆದರೆ ಮಿತಿ ಕಾನೂನು ಬರುವ ಮೊದಲೇ, 1920ರ ಗಣತಿಯಲ್ಲಿ, ಮ್ಯಾನ್‌ಹ್ಯಾಟನ್ ಸಂಖ್ಯೆ ಇಳಿಯತೊಡಗಿತ್ತು, ಅದೇ ಹೊತ್ತಿಗೆ ಹೊರಗಿನ ಬರೋಗಳು (ನಗರದ ಉಳಿದ ಆಡಳಿತ ವಿಭಾಗಗಳು) ಬೆಳೆಯುತ್ತಿದ್ದವು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ವಲಸಿಗರನ್ನು ತರುವ ಹಡಗುಗಳು ಕಡಿಮೆಯಾಗಿದ್ದವು ಎಂಬುದನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಇನ್ನು ತಪಾಸಣೆ. ಇದರಲ್ಲಿ ಕೆಟ್ಟ ದಾರಿ ಯಾವುದು ಎಂಬುದು ನೂರೈವತ್ತು ವರ್ಷದಿಂದ ಗೊತ್ತಿದೆ. ಗ್ಲಾಸ್ಗೋದಲ್ಲಿ 1860ರ ದಶಕದಲ್ಲಿ ಸಣ್ಣ ಮನೆಗಳ ಬಾಗಿಲಿಗೆ ತಗಡಿನ ಚೀಟಿ ಹೊಡೆದರು: ಈ ಮನೆಯ ಗಾಳಿ ಇಷ್ಟು, ಆದ್ದರಿಂದ ಇಷ್ಟೇ ಜನ. ವಯಸ್ಕರಿಗೆ 300 ಘನ ಅಡಿ. ನಡುರಾತ್ರಿ ತಪಾಸಣೆಗೆ ಬಂದರೆ ಮಿತಿಗಿಂತ ಹೆಚ್ಚಾದವರು ಕಪಾಟಿನಲ್ಲಿ, ಚಾವಣಿಯ ಮೇಲೆ ಅಡಗುತ್ತಿದ್ದರು. ಹೊಸ ಮನೆ ಇಲ್ಲದೆ ಮಿತಿ ಹಾಕಿದರೆ ಆಗುವುದು ಇಷ್ಟೇ. ಸ್ಯಾನ್ ಫ್ರಾನ್ಸಿಸ್ಕೋ ಇನ್ನೂ ಕೆಳಗಿಳಿಯಿತು. 1870ರಲ್ಲಿ ತಲೆಗೆ 500 ಘನ ಅಡಿ ಗಾಳಿ ಇರಬೇಕು ಎಂದು ನಿಯಮ ತಂದು, ಅದನ್ನು ಚೀನೀ ವಲಸಿಗರ ಮೇಲೆ ಮಾತ್ರ ಚಲಾಯಿಸಿತು. ಬಾಡಿಗೆದಾರರನ್ನು ಹಿಡಿದು ಜೈಲಿಗೆ ತುಂಬಿದಾಗ ಜೈಲಿನಲ್ಲೇ ತಲೆಗೆ 500 ಘನ ಅಡಿ ಉಳಿಯಲಿಲ್ಲ. ನಿಯಮದ ಭಾರ ಮಾಲೀಕನ ಮೇಲಿರಬೇಕು, ಮಲಗಿದವನ ಮೇಲಲ್ಲ.

ಟಿಪ್ಪಣಿಕಾರ

ಎಲ್ಲರಿಗೂ ವಂದನೆ. ಹಾಗಾದರೆ ತಪಾಸಣೆಯೇ ಬೇಡವೇ? ಕೆಲವು ಕಟ್ಟಡಗಳು ಕಣ್ಣಿಗೇ ಅಪಾಯ ಅನ್ನಿಸುತ್ತವೆ. ಎಂಜಿನಿಯರುಗಳು ಯಾರಾದರೂ ಹೇಳಿದರೆ ಒಳ್ಳೆಯದು.

ತೊಲೆಕಂಬ

ತಪಾಸಣೆ ಬೇಕು. ತಲೆ ಎಣಿಸಲು ಅಲ್ಲ, ಸಾವು ತಪ್ಪಿಸಲು. ಟಿಪ್ಪಣಿಕಾರರೇ, ನೋಡಬೇಕಾದ ಅನುಕ್ರಮ ನನ್ನ ಪ್ರಕಾರ ಹೀಗೆ.

ಮೊದಲು ಹೊರದಾರಿ. ಮಲಗುವ ಕೋಣೆಯಿಂದ ಹೊರಬರಲು ಅಡುಗೆಮನೆ ದಾಟಬೇಕಾದರೆ ಅದು ಮೊದಲ ಕೆಂಪು ಗುರುತು, ಏಕೆಂದರೆ ಬೆಂಕಿ ಹೆಚ್ಚಾಗಿ ಹುಟ್ಟುವುದು ಅಲ್ಲೇ. ಕಿಟಕಿಗೆ ತೆರೆಯಲಾಗದ ಸರಳು, ಒಳಗಿನಿಂದಲೂ ಕೀಲಿ ಬೇಕಾದ ಬಾಗಿಲು, ಮೆಟ್ಟಿಲಿನಲ್ಲಿ ಸೈಕಲ್, ಸಿಲಿಂಡರ್: ಇವನ್ನು ಅದೇ ದಿನ ತೆಗೆಸಬಹುದು, ಖರ್ಚೂ ಇಲ್ಲ. ಈಚೆಗೆ ಸೇರಿದ್ದು ವಿದ್ಯುತ್ ಸ್ಕೂಟರ್, ಸೈಕಲ್‌ಗಳ ಲಿಥಿಯಂ ಬ್ಯಾಟರಿ. ಡೆಲಿವರಿ ಕೆಲಸದವರು ರಾತ್ರಿಯಿಡೀ ಮೆಟ್ಟಿಲ ಬುಡದಲ್ಲೋ ಬಾಗಿಲ ಪಕ್ಕದಲ್ಲೋ ಚಾರ್ಜಿಗೆ ಹಾಕುತ್ತಾರೆ. ಅದು ಹೊತ್ತಿದರೆ ಇರುವ ಒಂದೇ ದಾರಿ ಮುಚ್ಚುತ್ತದೆ. ಬೇಡ ಎಂದರೆ ಕೇಳುವುದಿಲ್ಲ, ಚಾರ್ಜಿಂಗಿಗೆ ಹೊರಗೆ ಬೇರೆ ಜಾಗ ಮಾಡಿಕೊಡಿ.

ಎರಡು, ವಿದ್ಯುತ್ತು. 230 ವೋಲ್ಟಿನಲ್ಲಿ 2,000 ವ್ಯಾಟಿನ ಹೀಟರ್ ಎಳೆಯುವುದು 8.7 ಆಂಪಿಯರ್. ಮೂರು ಪಾಲಾದ ಮನೆಯಲ್ಲಿ ಒಂದೇ ಸರ್ಕ್ಯೂಟಿಗೆ ಇಂಥ ಮೂರು ಸಿಕ್ಕಿಸಿದರೆ 26, ಹದಿನಾರರ ಎಂಸಿಬಿ (ಮಿತಿ ಮೀರಿದರೆ ತಾನೇ ವಿದ್ಯುತ್ ಕಡಿಯುವ ಸ್ವಿಚ್ಚು) ಬೀಳುತ್ತದೆ. ಪದೇಪದೇ ಬೀಳುತ್ತದೆ ಎಂದು ಯಾರೋ ಅದನ್ನು ಕಿತ್ತು 32ರದು ಹಾಕುತ್ತಾರೆ. ತಂತಿ ಮಾತ್ರ ಹಳೆಯದೇ. ಆಮೇಲೆ ಎಂಸಿಬಿ ಬೀಳುವುದಿಲ್ಲ, ಗೋಡೆಯೊಳಗೆ ತಂತಿ ಕಾಯುತ್ತದೆ. ಆದ್ದರಿಂದ ಬೋರ್ಡು ತೆರೆದು ಎಂಸಿಬಿಯ ಅಂಕಿಯನ್ನು ತಂತಿಯ ದಪ್ಪದ ಜೊತೆ ಹೋಲಿಸಿ, ಪ್ಲಗ್ಗು ಎಣಿಸುವುದರಿಂದ ಪ್ರಯೋಜನವಿಲ್ಲ.

ಮೂರು, ಗಾಳಿ. ಸ್ನಾನದ ಮನೆಗೆ ಅಡ್ಡಗೋಡೆ ಹಾಕಿ ಕಿಟಕಿ ಆಚೆ ಪಾಲಿಗೆ ಹೋದಾಗ ಗ್ಯಾಸ್ ಗೀಸರ್ ಈಚೆಗೇ ಉಳಿಯುತ್ತದೆ. ಗಾಳಿ ಸಾಲದೆ ಅದು ಉಗುಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಗ್ಯಾಸ್ ಗೀಸರ್ ಕಂಡರೆ ಚರ್ಚೆಯಿಲ್ಲದೆ ಬಂದ್ ಮಾಡಿಸಿ. ಕ್ಷಯರೋಗ ಹರಡುವುದಕ್ಕೂ ಇಂಥ ಕೋಣೆಗಳೇ ಹೇಳಿಮಾಡಿಸಿದ ಜಾಗ.

ನಾಲ್ಕು, ಭಾರ. ಪ್ಲೈವುಡ್ ಗೋಡೆಗೆ ಬೆಂಕಿಯ ಭಯ, ಇಟ್ಟಿಗೆ ಗೋಡೆಗೆ ತೂಕದ ಭಯ. ಅರ್ಧ ಇಟ್ಟಿಗೆ ದಪ್ಪದ, ಮೂರು ಮೀಟರ್ ಎತ್ತರದ ಗೋಡೆ ಗಿಲಾವು ಸೇರಿ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 700 ಕಿಲೋ. ಮನೆಯ ಚಪ್ಪಡಿಯನ್ನು ಜನ, ಸಾಮಾನಿಗೆಂದು ವಿನ್ಯಾಸ ಮಾಡುವುದು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋದಂತೆ. ಕೆಳಗೆ ತೊಲೆಯಿಲ್ಲದ ಕಡೆ ಇಂಥ ಗೋಡೆ ಎಬ್ಬಿಸಿದರೆ ಚಪ್ಪಡಿ ಬಾಗುತ್ತದೆ. ಕೆಳಮನೆಯ ಚಾವಣಿಯಲ್ಲಿ ಗೋಡೆಯ ಗೆರೆಯುದ್ದಕ್ಕೂ ಬಿರುಕು ಕಾಣುತ್ತದೆ. ಮೇಲ್ಮನೆ ನೋಡುವ ಮೊದಲು ಕೆಳಮನೆಯವರನ್ನು ಮಾತಾಡಿಸಿ.

ಇದಕ್ಕಿಂತ ಮೋಸದ್ದು ಹೊಸ ಶೌಚಾಲಯ. ಪ್ರತಿ ಪಾಲಿಗೂ ಒಂದೊಂದು ಬೇಕು, ಆದರೆ ಕೊಳವೆ ಇಳಿಯುವ ಜಾಗ ಒಂದೇ. ನಾಲ್ಕು ಮೀಟರ್ ಆಚೆ ಶೌಚಾಲಯ ಇಟ್ಟರೆ 40ಕ್ಕೆ 1ರ ಇಳಿಜಾರಿಗೆ 100 ಮಿಲಿಮೀಟರ್, ಕೊಳವೆಯೇ 110, ಮೇಲೆ ಮುಚ್ಚಿಗೆ. ಕಾಲುಮೀಟರಿಗೂ ಹೆಚ್ಚು ನೆಲ ಎತ್ತರಿಸಿ ಮಣ್ಣು, ಇಟ್ಟಿಗೆ ಚೂರು ತುಂಬುತ್ತಾರೆ. ತೂಕ ಚದರ ಮೀಟರಿಗೆ ನಾನೂರೈವತ್ತು, ಐನೂರು ಕಿಲೋ. ಸೋರಿದರೆ ಆ ತುಂಬಿಸಿದ್ದೆಲ್ಲ ನೀರು ಕುಡಿದು ಇನ್ನೂ ಭಾರ, ಚಪ್ಪಡಿಯ ಕಬ್ಬಿಣಕ್ಕೆ ತುಕ್ಕು. ಹಾಂಗ್‌ಕಾಂಗ್‌ನಲ್ಲಿ ಹೀಗೆ ಸೀಳಿದ ಮನೆಗಳಲ್ಲಿ 2021ರ ಗಣತಿಯಂತೆ 2,15,000ಕ್ಕೂ ಹೆಚ್ಚು ಜನ ಇದ್ದರು. ಅಲ್ಲಿನ ಹಳೇ ಕಟ್ಟಡಗಳಲ್ಲಿ ಇದೇ ರೋಗ.

ತೆರವು ಮಾಡಿಸುವ ಆದೇಶ ಹೊರದಾರಿಯೇ ಇಲ್ಲದ, ಚಪ್ಪಡಿ ಬಾಗಿದ ಮನೆಗಳಿಗೆ ಮಾತ್ರ. ಉಳಿದವಕ್ಕೆ ದುರಸ್ತಿ ಗಡುವು: ಹೊರದಾರಿಗೆ ಏಳು ದಿನ, ವಿದ್ಯುತ್ತಿಗೆ ಮೂವತ್ತು ದಿನ, ಹೀಗೆ ನೀವೇ ಗೊತ್ತುಮಾಡಿ. ಗಡುವು ಮೀರಿದರೆ ದಂಡ ಮಾಲೀಕನಿಗೆ, ದುರಸ್ತಿ ಖರ್ಚು ಆಸ್ತಿ ತೆರಿಗೆಯಲ್ಲಿ ವಸೂಲಿ. ಅಷ್ಟೂ ಜನರನ್ನು ಒಮ್ಮೆಲೇ ಹೊರಹಾಕಿದರೆ ಅದೇ ರಾತ್ರಿ ಪಕ್ಕದ ಬೀದಿಯ ಕೋಣೆಗಳಲ್ಲಿ ಆರು ಇದ್ದದ್ದು ಒಂಬತ್ತಾಗುತ್ತದೆ.

ಬಾಡಿಗೆಚೀಟಿ

ಹೊಸ ಮನೆಯ ವಿಷಯ ಯಾರೂ ಮುಟ್ಟಲಿಲ್ಲ, ಎರಡು ಮಾತು ಸೇರಿಸುತ್ತೇನೆ.

‘ಕಟ್ಟುವುದೆಲ್ಲ ಸಿರಿವಂತರಿಗೆ, ಇಕ್ಕಟ್ಟಿನವರಿಗೆ ಏನು ಬಂತು’ ಎಂಬ ಆಕ್ಷೇಪ ಬಂದೇ ಬರುತ್ತದೆ. ಹೆಲ್ಸಿಂಕಿಯಲ್ಲಿ ಜನ ಮನೆ ಬದಲಿಸಿದ ದಾಖಲೆ ಹಿಡಿದು ನೋಡಿದಾಗ, ನಗರ ಮಧ್ಯದಲ್ಲಿ ಮಾರುಕಟ್ಟೆ ದರದ 100 ಹೊಸ ಮನೆ ಬಂದರೆ ಒಬ್ಬರು ಬಿಟ್ಟದ್ದಕ್ಕೆ ಇನ್ನೊಬ್ಬರು ಸರಿಯುತ್ತಾ, ಆದಾಯದಲ್ಲಿ ಕೆಳಗಿನ ಅರ್ಧದ ಬಡಾವಣೆಗಳಲ್ಲಿ ಸುಮಾರು 60 ಮನೆ ತೆರವಾದವು. ಆದರೆ ಮುಂಗಡ, ಜಾಮೀನಿಲ್ಲದ ವಲಸಿಗರು ಆ ಸರಪಳಿಗೆ ಸೇರುವುದೇ ಕಷ್ಟ. ಅವರಿಗೆ ಬೇಕಾದ್ದು ಒಂಟಿ ಕೋಣೆಯ, ತಿಂಗಳ ಬಾಡಿಗೆಯ, ಮೇಲ್ವಿಚಾರಣೆ ಇರುವ ವಸತಿ. ಅಂಥದ್ದನ್ನು ಹಲವು ನಗರಗಳು ‘ಕೊಳಕು’ ಎಂದು ನಿಯಮದಲ್ಲೇ ಅಳಿಸಿಹಾಕಿವೆ. ಅಳಿಸಿದ ಮೇಲೆ ಅದೇ ಬೇಡಿಕೆ ಪ್ಲೈವುಡ್ ಗೋಡೆಯ ಹಿಂದೆ ಹೋಯಿತು.

ಮಹಡಿ ಏರಿಸಲು ಅನುಮತಿ ಕೇಳಿದಾಗ ಬರುವ ಮೊದಲ ಉತ್ತರ ‘ಒಳಚರಂಡಿ ತಡೆಯುವುದಿಲ್ಲ’. ಲೆಕ್ಕ ಹಾಕಿ. ಹೆಚ್ಚುವರಿ 1,000 ಜನ, ತಲೆಗೆ 100 ಲೀಟರ್, ಅದರಲ್ಲಿ ಶೇ. 80 ಕೊಳಚೆ: ದಿನಕ್ಕೆ 80 ಘನ ಮೀಟರ್. ಬೆಳಗಿನ ಏರು ಹೊತ್ತಿಗೆ ಮೂರು ಪಟ್ಟು ಹಿಡಿದರೂ ಸೆಕೆಂಡಿಗೆ 2.8 ಲೀಟರ್. 150 ಮಿಲಿಮೀಟರ್ ಕೊಳವೆ 150ಕ್ಕೆ 1ರ ಇಳಿಜಾರಿನಲ್ಲಿ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 12 ಲೀಟರ್ ಸಾಗಿಸುತ್ತದೆ. ಹಾಗಾದರೆ ಉಕ್ಕುವುದು ಯಾಕೆ? ಚಾವಣಿಯ ಮಳೆನೀರನ್ನು ಅದಕ್ಕೇ ಜೋಡಿಸಿರುತ್ತಾರೆ, ಹೂಳು ಮತ್ತು ಜಿಡ್ಡು ಅರ್ಧ ಕೊಳವೆ ತಿಂದಿರುತ್ತದೆ. ಅನುಮತಿ ನಿರಾಕರಿಸುವ ಮೊದಲು ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ನೋಡಲಿ, ಮಳೆನೀರಿನ ಜೋಡಣೆ ಬಿಡಿಸಲಿ.

ಹಳೇ ಕಟ್ಟಡ ಕೆಡವಿ ಕಟ್ಟುವುದಾದರೆ ಮೊದಲ ಕಟ್ಟಡವನ್ನು ಖಾಲಿ ನೆಲದಲ್ಲೇ ಎಬ್ಬಿಸಬೇಕು: ಹಳೇ ಬಸ್ ಡಿಪೋ, ಮುಚ್ಚಿದ ಗೋದಾಮು, ಸರ್ಕಾರಿ ವಾಹನ ನಿಲ್ಲುವ ಜಾಗ. ಕೆಡವಬೇಕಾದ ಹಳೇ ಕಟ್ಟಡದವರು ಅದಕ್ಕೆ ಬಂದು ಸೇರಿದ ಮೇಲೆ ಅವರ ಕಟ್ಟಡ ಕೆಡವಿ. ಮರಳಿ ಬರುವ ಹಕ್ಕಿನ ಪಟ್ಟಿಯಲ್ಲಿ ಒಳಬಾಡಿಗೆಯವರ ಹೆಸರೂ ಇರಲಿ. ಮಾಲೀಕನ ಕರಾರುಪತ್ರವನ್ನೇ ಆಧಾರ ಮಾಡಿದರೆ ಅರ್ಧ ಜನ ಪಟ್ಟಿಯಿಂದ ಆಚೆ.

ಅಂಕಿಲೆಕ್ಕ

ಒಳಬಾಡಿಗೆಯವರ ಪಟ್ಟಿಗೂ ನಾನು ಮೇಲೆ ಹೇಳಿದ ಸಮೀಕ್ಷೆಗೂ ಗಂಟು ಹಾಕಬೇಡಿ. ಅದು ಹೆಸರಿಲ್ಲದ ಎಣಿಕೆ, ಇದು ಹಕ್ಕಿನ ನೋಂದಣಿ. ಬೇರೆ ತಂಡ, ಬೇರೆ ನಮೂನೆ, ನಡುವೆ ಒಂದೆರಡು ತಿಂಗಳ ಅಂತರ ಇರಲಿ. ನೋಂದಣಿಗೆ ಬಂದವರಿಗೆ ಅಲ್ಲೇ ತಾರೀಖು, ಕೋಣೆ ಸಂಖ್ಯೆ ಬರೆದ ರಸೀದಿ ಕೊಡಿ.